ಗಂಟಲಮಣಿ

ರೂವಿಯ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿ,
ಮೂರು ಕುರ್ಚಿಯ ನಮ್ಮ ಸಲೂನು.
ಗುರುವಾರ ರಾತ್ರಿ ಹನ್ನೆರಡಕ್ಕೆ ಶಟರ್ ಅರ್ಧ ಇಳಿಸಿ
ನಾನೂ ತುಕಾರಾಮನೂ ಕೂದಲು ಗುಡಿಸುತ್ತ
ಎರಡು ಪಿಕ್ಚರಿನ ಜಗಳ ಶುರುಮಾಡುತ್ತೇವೆ.

ಒಂದು ಕನ್ನಡದ್ದು, ಒಂದು ಮಲಯಾಳದ್ದು.
ಕತೆ ಒಂದೇ ಅಚ್ಚಿನ ಬೆಲ್ಲ:
ಬೀಗ ರಿಪೇರಿಯವನೊಬ್ಬ, ಯಾರೋ ಕರೆದರೆಂದು
ರಾತ್ರಿ ಹೋಗಿ ಬಾಗಿಲು ತೆಗೆಯುತ್ತಾನೆ.
ಒಳಗೆ ಹೆಣ. ಹೆಣದ ಪಕ್ಕ ಚೀಲ.
ಚೀಲ ಎತ್ತಿಕೊಂಡು, ಬೀಗ ಮತ್ತೆ ಹಾಕಿ,
ಮನೆಗೆ ಹೋಗಿ ಉಣ್ಣುತ್ತಾನೆ.
ಯಾರು ಯಾರದನ್ನು ಕದ್ದರೋ,
ಅದಕ್ಕೇ ಬೇರೆ ಇನ್‌ಸ್ಪೆಕ್ಟರ್ ಬೇಕು.

ತುಕಾರಾಮ ಪ್ರಚೇತನ ಕಡೆ.
"ಆ ಕಣ್ಣು ನೋಡಿದಿರಾ ಅಣ್ಣ, ಠಾಣೆಯ ಸೀನಿನಲ್ಲಿ?
ಒಂದರಲ್ಲಿ ಹೆದರಿಕೆ, ಇನ್ನೊಂದರಲ್ಲಿ ಬೆಂಕಿ!"
ನೋಡಿದೆ ಮಾರಾಯ. ಮೂರು ರಿಯಾಲ್ ಕೊಟ್ಟು ನೋಡಿದೆ.
ಕಣ್ಣು ಕೆಂಪಾಯಿತು, ಹುಬ್ಬು ಏರಿತು,
ಬೆವರ ಹನಿಯೊಂದು ಸರಿಯಾಗಿ ಮೂಗಿನ ತುದಿಗೇ ಬಂದು
ಲೈಟಿಗಾಗಿ ಕಾದು ನಿಂತಿತು.
ಹಿಂದೆ ಚಂಡೆಯೋ ಚಂಡೆ.
ಅನ್ನದ ತಟ್ಟೆಯ ಮುಂದೆ ಕೂತು ಕೈ ನಡುಗಿಸಿದ;
ಹೆಂಡತಿ ಕೇಳಿದಳು, ಏನಾಯ್ತು ರೀ.
ಅಷ್ಟು ನಡುಗಿದರೆ ಬೀದಿ ನಾಯಿಯೂ ಕೇಳುತ್ತದೆ.

ಆ ಇನ್ನೊಬ್ಬ, ಕುರುವಿಳ ಎಂಬ ನಡುವಯಸ್ಸಿನವನು
(ನಮ್ಮ ಕಸಬಿಗೆ ಲಾಭವಿಲ್ಲದ ಬೋಳು ತಲೆ)
ಬೂತಾಯಿಯ ಮುಳ್ಳು ಬಿಡಿಸುತ್ತ ಕೂತ.
ಬಿಡಿಸಿದ, ಬಿಡಿಸಿದ,
ಥಿಯೇಟರಿನಲ್ಲಿ ಯಾರೋ ಆಕಳಿಸಿದರು.
ಮಗಳ ತಟ್ಟೆಯದನ್ನೂ ಬಿಡಿಸಿಕೊಟ್ಟ.
ಠಾಣೆಯಲ್ಲಿ "ಅವತ್ತು ರಾತ್ರಿ ಎಲ್ಲಿದ್ದೆ?" ಎಂದಾಗ
ಮುಖ ಮುಖದ ಹಾಗೆಯೇ ಇತ್ತು.
ಗಂಟಲಮಣಿ ಮಾತ್ರ
ಒಮ್ಮೆ ಮೇಲೆ ಹೋಗಿ
ಇಳಿಯಲು ಮರೆತಿತು.

ತುಕಾರಾಮನಿಗೆ ಅದು ಕಾಣಲೇ ಇಲ್ಲವಂತೆ.
ಬಂದು ಎರಡು ವರ್ಷ, ಇನ್ನೂ ಕತ್ತರಿಯ ಹುಡುಗ.
ನಾನು ಇಪ್ಪತ್ತೊಂದು ವರ್ಷದಿಂದ ಕತ್ತಿ ಹಿಡಿದವನು.
ಪಠಾಣ ಡ್ರೈವರು, ಬರ್ಕಾದ ಮೀನುಗಾರ, ಬಂಗಾಳಿ ಮೇಸ್ತ್ರಿ,
ನಮ್ಮ ಕುಂದಾಪುರದ ಕಡೆಯ ಬ್ಯಾಂಕಿನ ಮ್ಯಾನೇಜರು,
ನೊರೆ ಹಚ್ಚಿ ಗದ್ದ ಎತ್ತಿದರೆ ಕೊರಳೆಲ್ಲ ಒಂದೇ.
ಬಾಯಿ ಏನಾದರೂ ಹೇಳಲಿ: ವೀಸಾ ಆಗಿದೆ,
ಹುಡುಗಿ ಗೊತ್ತಾಗಿದೆ, ಸಂಬಳ ಬರುವ ವಾರ ಖಂಡಿತ.
ಕತ್ತಿಯ ಕೆಳಗೆ ಆ ಗುಂಡು ಎದ್ದು ಬಂದು ಇಲ್ಲವೆನ್ನುತ್ತದೆ.
ನಾನು ಕೈ ತಡೆಯುತ್ತೇನೆ.
ಅದು ಇಳಿದ ಮೇಲೆ ಎಳೆಯುತ್ತೇನೆ.
ಇದಕ್ಕೆ ಅವಾರ್ಡಿಲ್ಲ.

"ನಿಜವಾದ ಕಳ್ಳ ಹೇಗಿರುತ್ತಾನೆಂದು
ನಿಮಗೇನು ಗೊತ್ತು ಅಣ್ಣ?" ಎಂದ ತುಕಾರಾಮ, ನಗುತ್ತ.
ಪೊರಕೆ ನಿಂತಿತು.

ಆರು ವರ್ಷದ ಹಿಂದೆ, ಇವನಿಲ್ಲದ ಕಾಲ,
ಗಲ್ಲೆಯಿಂದ ನಲವತ್ತು ರಿಯಾಲ್ ಹೋಗಿತ್ತು.
ಮಾಲೀಕ ಮೊಯ್ದು ಇಕ್ಕ ಇದೇ ಕುರ್ಚಿಯಲ್ಲಿ ಒರಗಿ,
ಕಣ್ಣು ಮುಚ್ಚಿ, ಕೊರಳು ಚಾಚಿ ಕೇಳಿದರು:
"ಆ ಶೇಷುವೇ ಇರಬೇಕು, ಅಲ್ಲವೋ?"
"ಗೊತ್ತಿಲ್ಲ ಇಕ್ಕ," ಎಂದೆ.
ಕತ್ತಿ ಕಿವಿಯಿಂದ ಗದ್ದದವರೆಗೆ ನೀರಿನ ಹಾಗೆ ಹರಿಯಿತು.
ಒಂದು ಗೀರಿಲ್ಲ.
ನನ್ನ ಕೈಯಿಂದ ಅಂಥ ಶೇವ್ ಮತ್ತೆ ಆಗಿಲ್ಲ.
ಅವರು ಕೆನ್ನೆ ಸವರಿಕೊಂಡು ಭೇಷ್ ಎಂದರು.
ಶೇಷು ತಿಂಗಳೊಳಗೆ ವಿಮಾನ ಹತ್ತಿದ.
ಹೋಗುವಾಗ ತನ್ನ ಬಾಚಣಿಗೆ ಮರೆತ, ಹಸಿರು ಬಣ್ಣದ್ದು.
ಅದು ಈಗ ತುಕಾರಾಮನ ಜೇಬಿನಲ್ಲಿದೆ.

ನನ್ನ ಗಂಟಲು ಎದ್ದಿತ್ತೋ ಇಲ್ಲವೋ.
ಎದುರಿಗೇ ಕನ್ನಡಿ ಇತ್ತು,
ನೋಡಿಕೊಳ್ಳಲಿಲ್ಲ.

ಕುರುವಿಳ ಇದನ್ನೆಲ್ಲಿ ಕಲಿತನೋ.
ಅವನ ಪಿಕ್ಚರಿನಲ್ಲಿ ಕೊನೆಗೂ ಯಾರೂ ಸಿಕ್ಕಿಬೀಳುವುದಿಲ್ಲ,
ಬೀಗದ ಅಂಗಡಿ ಬೆಳಿಗ್ಗೆ ತೆರೆಯುತ್ತದೆ, ಅಷ್ಟೆ.
ಪ್ರಚೇತ ಸಿಕ್ಕಿಬಿದ್ದು, ಅತ್ತು,
ಮೂರು ನಿಮಿಷ ಭಾಷಣ ಮಾಡಿ
ಚೀಲವನ್ನು ಅನಾಥಾಶ್ರಮಕ್ಕೆ ಬರೆಯುತ್ತಾನೆ.
ಅಲ್ಲಿ ಸೀಟಿ ಬಿತ್ತು. ನಾನೂ ಹಾಕಿದೆ.
ಸುಮ್ಮನೆ ಹಾಕಿದ್ದಲ್ಲ,
ಕಣ್ಣಲ್ಲಿ ನೀರೂ ಬಂದಿತ್ತು.

"ಹೇಳಿ ಅಣ್ಣ, ಕಡೆಗೆ ಯಾರು ಹೆಚ್ಚು?"
"ನಿನ್ನವನೇ," ಎಂದೆ,
ಟವೆಲು ಕೊಡವುತ್ತ,
ಕನ್ನಡಿಗೆ ಬೆನ್ನು ಹಾಕಿ.